ತುಂಬಿದ ಡಬ್ಬಿ ತಿರುಗಿ ಹೋದ ಶುಕ್ರವಾರ

ಭಾನುವಾರ, ಬೆಳಿಗ್ಗೆ ಎಂಟೂವರೆ ಗಂಟೆ. ಬನಹಟ್ಟಿಯ ನಮ್ಮ ಮನೆಯ ಪಡಸಾಲೆ. ಹಾಜರಿದ್ದವರು ಮೂವರು: ನಾನು, ನನ್ನ ಹೆಂಡತಿ, ಮತ್ತು ಇಪ್ಪತ್ತು ವರ್ಷದ ಹಿಂದೆ ನನ್ನ ಕೈಕೆಳಗೆ ಗಣಿತ ಕಲಿಸುತ್ತಿದ್ದ ಒಬ್ಬ ಮಾಸ್ತರ. ಆತ ಈಗ ಮುಧೋಳದ ಕಡೆಯ ಒಂದು ಹೈಸ್ಕೂಲಿಗೆ ತಾನೇ ಹೆಡ್ ಮಾಸ್ತರ. ತಲೆ ಅರ್ಧ ನರೆತಿದೆ. ಕೈಯಲ್ಲಿ ಮೂರು ಖಾನೆಯ ಹಿತ್ತಾಳೆ ಡಬ್ಬಿ ಇತ್ತು. ಆತನ ಮುಖಕ್ಕಿಂತ ಮೊದಲು ನನಗೆ ಆ ಡಬ್ಬಿಯ ಗುರುತು ಸಿಕ್ಕಿತು.

"ಅವ್ವ ಹೋಗಿ ಇವತ್ತಿಗೆ ಮೂವತ್ತ ದಿನಾ ಆತ್ರಿ ಸರ," ಎಂದ. ಪುಣೆಯಲ್ಲಿ, ತಮ್ಮ ಜನರ ನಡುವೆ ಮಣ್ಣು ಮಾಡಿ ಬಂದಿದ್ದ. ಡಬ್ಬಿಯ ಮುಚ್ಚಳ ತೆಗೆದ. ಅವಲಕ್ಕಿಗೆ ಬೆಲ್ಲ, ಕಾಯಿತುರಿ, ಯಾಲಕ್ಕಿ ಕಲಸಿದ್ದು. "ಮಲೀದಾ. ಅವ್ವ ಮಾಡತಿದ್ಲಲ್ರಿ, ಹಂಗ ಮಾಡೇವಿ."

ನನ್ನ ಹೆಂಡತಿ ಮೂರು ತಟ್ಟೆ ತಂದಳು. ತಿನ್ನುತ್ತ ತಿನ್ನುತ್ತ ಆತ ಕೇಳಿದ:

"ಸರ, ಒಂದ ಮಾತು ಕೇಳಬೇಕಂತ ಬಂದೇನಿ. ನಾ ಇಲ್ಲಿದ್ದಾಗ ಅವ್ವ ವಾರಾ ವಾರಾ ಡಬ್ಬಿ ಕಳಸತಿದ್ಲು. ಒಮ್ಮಿಂದೊಮ್ಮೆ ಬಿಟ್ಲು. ಕಳಸಬ್ಯಾಡ, ಸಾಲ್ಯಾಗ ನಗತಾರ ಅಂತ ಆಕಿಗೆ ನಾನ ಅಂದಿದ್ನಿ. ಆ ಮಾತು ಹತ್ತಿ ಬಿಟ್ಲು ಅಂತ ಇಷ್ಟ ವರ್ಷ ತಿಳಕೊಂಡೇನಿ. ಮಲಗಿದ ಮ್ಯಾಲೆ ಕೇಳಿದ್ನಿ. 'ಹೋಗ್ಲಿ ಬಿಡೋ' ಅಂದು ಆ ಕಡೆ ಹೊಳ್ಳಿದ್ಲು. ನಿಮ್ಮ ಮುಂದ ಏನರ ಅಂದಿದ್ಲೇನ್ರಿ?"

ಡಬ್ಬಿ ಯಾಕೆ ನಿಂತಿತೆಂದು ನನಗೆ ಗೊತ್ತಿತ್ತು. ಹೇಳಿದರೆ ಆತನ ತಲೆಯ ಮೇಲಿನ ಭಾರ ಇಳಿಯುತ್ತದೆ. ಆತ ಇಪ್ಪತ್ತು ವರ್ಷ ನನಗೆ ಕೊಟ್ಟ ಗೌರವವೂ ಇಳಿಯುತ್ತದೆ.

"ರಬಕವಿಯಾಗ ಕೆಲಸ ಐತಿ ಅಂದ್ಯಲ್ಲ," ಎಂದೆ. "ಮುಗಿಸಿಕೊಂಡು ನಾಕಕ್ಕ ಬಾ. ಹೇಳತೇನಿ."

ಆತ ಹೋದ ಮೇಲೆ ಹತ್ತಕ್ಕೆ ಬರೆಯಲು ಕುಳಿತೆ. ಬಾಯಿ ಹಿಂಜರಿಯುವುದನ್ನು ಕೈ ಬರೆಯುತ್ತದೆ ಎಂಬ ನಂಬಿಕೆಯಿಂದ.

ಆತನ ತಾಯಿಯನ್ನು ನಾನು ಮೊದಲು ಕಂಡದ್ದು ಆತ ಕೆಲಸಕ್ಕೆ ಹಾಜರಾದ ದಿನ. ಹೊಸ ಮಾಸ್ತರ ಒಬ್ಬನೇ ಬರುತ್ತಾನೆಂದು ಕಾದಿದ್ದೆ. ಹಿಂದೆ ತಾಯಿಯೂ ಬಂದರು. ನರ್ಸುಗಳು ಉಡುವ ಬಿಳಿ ಸೀರೆ, ಕಾಲಲ್ಲಿ ಕಪ್ಪು ಬೂಟು, ಒಂದು ಕಂಕುಳಲ್ಲಿ ಹಾಸಿಗೆಯ ಸುರುಳಿ, ಇನ್ನೊಂದು ಕೈಯಲ್ಲಿ ಈ ಡಬ್ಬಿ. ಇಪ್ಪತ್ತೇಳು ವರ್ಷದ ಮಗನ ಎರಡೂ ಕೈ ಖಾಲಿ. ನೇಮಕದ ಆಜ್ಞೆ ಕೇಳಿದೆ. ಮಗ ಕಿಸೆ ಮುಟ್ಟಿಕೊಳ್ಳುವಷ್ಟರಲ್ಲಿ ತಾಯಿ ತಮ್ಮ ಚೀಲದಿಂದ ತೆಗೆದು ಮೇಜಿನ ಮೇಲಿಟ್ಟರು, ಎರಡು ನಕಲುಗಳ ಸಮೇತ.

"ಕೂಡ್ರಿ ಬಾಯಾರ," ಎಂದೆ.

ಕೂಡಲಿಲ್ಲ. ಮೇಜು ಸುತ್ತಿ ನನ್ನ ಹತ್ತಿರ ಬಂದು, ಹೆಬ್ಬೆರಳಿನಿಂದ ನನ್ನ ಕೆಳರೆಪ್ಪೆ ಎಳೆದು ನೋಡಿದರು. ಹೆಡ್ ಮಾಸ್ತರ ಆದ ಮೇಲೆ ನನ್ನ ಮೈಯನ್ನು ಕೇಳದೆ ಮುಟ್ಟಿದವರು ಅವರೊಬ್ಬರೇ.

"ರಕ್ತ ಕಡಿಮಿ ಐತ್ರಿ ಸರ. ಮೆಂತೆ ಪಲ್ಲೆ ತಿನ್ರಿ. ಮತ್ತ ನಮ್ಮ ಹುಡಗಗ ಮಧ್ಯಾಹ್ನ ಉಣ್ಣಾಕ ಎಷ್ಟ ಹೊತ್ತು ಬಿಡತೀರಿ?"

"ನಲವತ್ತು ನಿಮಿಷ."

"ಸಾಲೂದಿಲ್ರಿ. ಅಂವ ಅಗದು ಅಗದು ತಿಂತಾನ."

ಜಮಖಂಡಿಯ ದವಾಖಾನೆಯಲ್ಲಿ ಅವರು ನರ್ಸಬಾಯಿ. ಹೆರಿಗೆಯ ಕೋಣೆ ಅವರದೇ ರಾಜ್ಯ. ಸಂಸ್ಥಾನದ ಕಾಲದ ಕೊನೆಯಲ್ಲಿ ಗಂಡನ ಓವರ್ಸಿಯರ್ ನೌಕರಿಯ ಜೊತೆ ಕೊಂಕಣದಿಂದ ಬಂದವರು. ಗಂಡ ತೀರಿದ ಮೇಲೂ ಅಲ್ಲೇ ಉಳಿದರು. ಊರಿನ ಬಹಳ ಜನ ಅವರನ್ನು ಕ್ರೈಸ್ತರೆಂದು ತಿಳಿದಿದ್ದರು. ಅಲ್ಲ, ಯಹೂದಿಗಳು, ಬೆನೆ ಇಸ್ರೇಲಿಗಳು. "ನಮ್ಮ ಕಡೆ ನಮಗ ಶನವಾರ ತೇಲಿ ಅಂತಾರ್ರಿ," ಎಂದು ನಗುತ್ತಿದ್ದರು. ಗಾಣದವರು, ಆದರೆ ಶನಿವಾರ ಗಾಣ ನಿಲ್ಲಿಸುವವರು. ಶುಕ್ರವಾರ ಹೊತ್ತು ಮುಳುಗುವ ಮೊದಲು ದೀಪ ಹಚ್ಚಿದರೆ, ಮರುದಿನ ಆಕಾಶದಲ್ಲಿ ಮೂರು ಚುಕ್ಕಿ ಕಾಣುವವರೆಗೆ ಒಲೆ ಹಚ್ಚುತ್ತಿರಲಿಲ್ಲ, ಹೊರಗೆ ಏನನ್ನೂ ಹೊತ್ತು ನಡೆಯುತ್ತಿರಲಿಲ್ಲ, ಗಾಡಿ ಹತ್ತುತ್ತಿರಲಿಲ್ಲ. ಶನಿವಾರ ಯಾರಿಗಾದರೂ ಬೇನೆ ಬಂದರೆ ಟಾಂಗಾದವನು ಬಾಗಿಲಲ್ಲಿ ಕಾಯುತ್ತಿದ್ದ. ಇವರು ಟಾಂಗಾದ ಪಕ್ಕದಲ್ಲಿ ಬಿರಬಿರನೆ ನಡೆಯುತ್ತಿದ್ದರು, ಕುದುರೆ ಇವರ ಹೆಜ್ಜೆಗೆ ಹೆಜ್ಜೆ ಹಾಕುತ್ತಿತ್ತು. ಜೀವಕ್ಕೇ ಅಪಾಯವಿದ್ದರೆ ಹತ್ತಬಹುದು ಎಂದು ಅವರ ಶಾಸ್ತ್ರದಲ್ಲಿ ಇದೆಯಂತೆ. "ಹಂಗಂತ ದಿನಾ ಜೀವ ಹೊಂಟೈತಿ ಅನ್ನಾಕ ಬರತೈತೇನ್ರಿ? ನನ್ನ ಕಾಲು ಗಟ್ಟಿ ಅದಾವ."

ಮಗನಿಗೆ ಬನಹಟ್ಟಿಯಲ್ಲಿ ಬಾಡಿಗೆ ಕೋಣೆ ಸಿಕ್ಕಿತು. ಮಗ್ಗಲಿಗೇ ವಿದ್ಯುತ್ ಮಗ್ಗಗಳ ಶೆಡ್ಡು. ಮೊದಲ ಸಂಜೆಯೇ ಬಾಯಿಯವರು ಶೆಡ್ಡಿನ ಮಾಲೀಕನ ಹತ್ತಿರ ಹೋಗಿ, "ಹತ್ತಕ್ಕ ಮಗ್ಗ ಬಂದ್ ಮಾಡ್ರಿ, ನನ್ನ ಮಗ ಮಲಗತಾನ," ಎಂದರಂತೆ. ಆತ ಕೈ ಮುಗಿದು, "ಬಾಯಾರ, ಮಗ್ಗ ನಿಂತ್ರ ಈ ಊರಾಗ ಯಾರಿಗೂ ನಿದ್ದಿ ಬರೂದಿಲ್ರಿ," ಎಂದ. ಮುಂದಿನ ವಾರ ಮಗನ ಕಿವಿಗೆ ಅರಳೆ ಬಂತು, ಎಣ್ಣೆಯಲ್ಲಿ ಅದ್ದಿ, ಕಾಗದದಲ್ಲಿ ಸುತ್ತಿ, ಏಳು ದಿನಕ್ಕೆ ಏಳು ಜೋಡಿ. ಮಾಲೀಕನಿಗೂ ಒಂದು ಜೋಡಿ ಇತ್ತು.

ನನಗೆ ಕಾರ್ಡು ಬರೆಯುತ್ತಿದ್ದರು. ಹೈಸ್ಕೂಲಿನ ಹೆಡ್ ಮಾಸ್ತರನಿಗೆ ಬರುವ ಪಾಲಕರ ಕಾರ್ಡುಗಳು ಹದಿಮೂರು ಹದಿನಾಲ್ಕು ವರ್ಷದ ಮಕ್ಕಳ ಬಗ್ಗೆ ಇರುತ್ತವೆ. ಇವರದು ನನ್ನ ಸಹಾಯಕ ಮಾಸ್ತರನ ಬಗ್ಗೆ. ಅವನಿಗೆ ಸೌತೆಕಾಯಿ ಆಗುವುದಿಲ್ಲ. ಸೀಮೆಸುಣ್ಣದ ಧೂಳಿಗೆ ಕೆಮ್ಮುತ್ತಾನೆ, ಕಪ್ಪುಹಲಗೆ ಒರೆಸುವ ಕೆಲಸ ಮಕ್ಕಳಿಗೆ ಕೊಡಿರಿ. ಅವನ ಲಗ್ನದ ಬಗ್ಗೆ ನೀವು ಒಂದು ಮಾತು ಆಡಿರಿ, ನನ್ನ ಮಾತು ಕೇಳುವುದಿಲ್ಲ. ಆಡುವಾಗ ಹೊಟ್ಟೆ ತುಂಬಿರಲಿ, ಹಸಿದಾಗ ಎಲ್ಲದಕ್ಕೂ ಒಲ್ಲೆ ಅನ್ನುತ್ತಾನೆ.

ಮಕ್ಕಳನ್ನು ಬೆಳೆಸುವ ವಿಷಯದಲ್ಲಿ ನಾನು ಬೇರೆ ಮತದವನು. ನನ್ನ ಇಬ್ಬರನ್ನೂ ವೇಳಾಪಟ್ಟಿ ಹಾಕಿ ಬೆಳೆಸಿದೆ. ಏಳಕ್ಕೆ ಅಭ್ಯಾಸ, ಎಂಟಕ್ಕೆ ಊಟ, ಹದಿನೆಂಟಕ್ಕೆ ಸ್ವತಂತ್ರ. ನನ್ನ ಹೆಂಡತಿ ಒಮ್ಮೆ ಹೇಳಿದ್ದಳು: "ನಮ್ಮ ಮಕ್ಕಳು ನಿಮಗ ಕಾಗದಾ ಬರದ್ರ ರಜಾ ಅರ್ಜಿ ಬರದಂಗ ಇರತೈತಿ." ಅದನ್ನು ಆಗ ನಾನು ಹೊಗಳಿಕೆ ಎಂದೇ ತೆಗೆದುಕೊಂಡಿದ್ದೆ.

ಒಮ್ಮೆ ಅವರಿಗೆ ನೇರವಾಗಿ ಹೇಳಿದೆ: "ಬಾಯಾರ, ಇನ್ನ ಅವನ ಸೆರಗ ಬಿಡ್ರಿ." ಅವರು ಸಿಟ್ಟಾಗಲಿಲ್ಲ. "ಸೆರಗ ನಂದ್ರಿ, ಹಿಡಕೊಂಡಾಂವ ಅಂವ," ಎಂದರು. ಆಮೇಲೆ ದನಿ ಇಳಿಸಿ, "ಖರೆ ಹೇಳ್ಲೇನ್ರಿ? ಮಂದೀ ಕೂಸಿನ ಹೊಕ್ಕುಳ ಬಳ್ಳಿ ಸಾವಿರ ಕೊಯ್ದೇನಿ. ನಂದೊಂದು ಕೊಯ್ಯಾಕ ಕತ್ತರಿ ಸಿಗವಲ್ದು," ಎಂದರು.

ಇನ್ನು ಡಬ್ಬಿಯ ವಿಷಯ. ಪ್ರತಿ ಶುಕ್ರವಾರ ಮಧ್ಯಾಹ್ನ ಜಮಖಂಡಿಯಿಂದ ಬರುವ ಬಸ್ಸಿನ ಕಂಡಕ್ಟರ ಅದನ್ನು ತರುತ್ತಿದ್ದ. ಅವನ ಮೂರೂ ಮಕ್ಕಳ ಹೆರಿಗೆ ಮಾಡಿಸಿದ್ದು ಇವರೇ. ಶಾಲೆಯ ಗೇಟಿನ ಮುಂದೆ ಬಸ್ಸು ನಿಧಾನವಾಗುತ್ತಿತ್ತು, ಡ್ರೈವರ ಎರಡು ಸಲ ಹಾರ್ನ್ ಹೊಡೆಯುತ್ತಿದ್ದ, ಸಿಪಾಯಿ ಮಲ್ಲಪ್ಪ ಓಡಿ ಹೋಗಿ ಇಳಿಸಿಕೊಳ್ಳುತ್ತಿದ್ದ. ಮೂರು ಖಾನೆಯಲ್ಲಿ ಎರಡು ದಿನದ ಊಟ, ಬಿಸಿ ಮಾಡದೆ ತಿನ್ನಲು ಬರುವಂಥದ್ದು: ಕಟಕ ರೊಟ್ಟಿ, ಎಣ್ಣೆಗಾಯಿ, ತೆಂಗಿನ ಹಾಲಿನ ಹಲ್ವಾ. ಮನೆಯಲ್ಲಿ ಮೀನು ಮಾಡುತ್ತಿದ್ದರು. ಆದರೆ ಡಬ್ಬಿಯಲ್ಲಿ ಎಂದೂ ಮೀನು ಕಳಿಸಲಿಲ್ಲ. ಊರಿನ ಮೂಗು ಅವರಿಗೆ ಗೊತ್ತಿತ್ತು. ಮೇಲಿನ ಖಾನೆಯಲ್ಲಿ ಕಾಗದದ ಎರಡು ಪೊಟ್ಟಣ: ಒಂದು ಮಲ್ಲಪ್ಪನಿಗೆ, ಒಂದು ನನಗೆ.

ನಮ್ಮ ಕಡೆ ಇಂಥ ಡಬ್ಬಿಗೆ ಎರಡು ನಿಯಮಗಳಿವೆ. ಉಂಡ ಡಬ್ಬಿಯನ್ನು ಬರಿದಾಗಿ ತಿರುಗಿ ಕೊಡಬಾರದು, ಏನಾದರೂ ಹಾಕಿ ಕೊಡಬೇಕು. ಬಾಯಿಯವರ ಮಗ ಸೋಮವಾರ ತೊಳೆದ ಡಬ್ಬಿಯಲ್ಲಿ ಒಂದು ಹೆಂಟೆ ಬೆಲ್ಲ, ಹಿಡಿ ಶೇಂಗಾ ಇಟ್ಟು ಕಳಿಸುತ್ತಿದ್ದ. ಎರಡನೆಯ ನಿಯಮ ಇನ್ನೂ ಗಟ್ಟಿಯದು. ತುಂಬಿದ ಬುತ್ತಿಯನ್ನು ಬಿಚ್ಚದೆ ತಿರುಗಿ ಕಳಿಸಬಾರದು. ಹೊಲಕ್ಕೆ ಹೋದ ಬುತ್ತಿ ಕಟ್ಟಿದಂತೆಯೇ ಮನೆಗೆ ಬಂದರೆ ಹೆಂಗಸರು ಬಾಗಿಲಲ್ಲೇ ಅಳಲು ಶುರು ಮಾಡುತ್ತಾರೆ. ಉಣ್ಣುವವನು ಇಲ್ಲ ಎಂದು ಅದರ ಅರ್ಥ. ಇದು ನನಗೆ ಗೊತ್ತಿರಲಿಲ್ಲ ಎಂದು ನಾನು ಹೇಳುವಂತಿಲ್ಲ. ನಾನೂ ಈ ಸೀಮೆಯವನೇ.

ಮುಂಬಯಿಯ ನಮ್ಮ ಸಂಬಂಧಿಕರೊಬ್ಬರು ಒಂದು ಇಂಗ್ಲಿಷ್ ಮಾಸಿಕವನ್ನು ಬಿಟ್ಟು ಹೋಗಿದ್ದರು. ಅದರಲ್ಲಿ ಯಹೂದಿ ತಾಯಂದಿರ ಮೇಲೆ ಒಂದು ಪುಟ ಚಟಾಕಿ. ನನಗೆ ದೊಡ್ಡ ಶೋಧ ಮಾಡಿದಂತಾಯಿತು: ಇದು ಒಬ್ಬ ಬಾಯಿಯ ಸ್ವಭಾವವಲ್ಲ, ಇಡೀ ಜಾತಿಯ ಸ್ವಭಾವ, ದೂರದ ದೇಶದವರೂ ಬರೆದಿದ್ದಾರೆ! ಮರುದಿನ ಮಾಸ್ತರರ ಕೋಣೆಯಲ್ಲಿ ಒಂದನ್ನು ಕನ್ನಡ ಮಾಡಿ ಓದಿದೆ. ಮಗ ಹಿಮದ ಬೆಟ್ಟ ಹತ್ತಿ, ತುದಿ ಮುಟ್ಟಿ, ಮನೆಗೆ ತಂತಿ ಕಳಿಸುತ್ತಾನೆ: ತುದಿ ಮುಟ್ಟಿದೆ. ತಾಯಿಯ ಮರುತಂತಿ: ಸ್ವೆಟರ್ ಮುಟ್ಟಿತೇ?

ಎಲ್ಲರೂ ನಕ್ಕರು. ಹಿಂದಿ ಕಲಿಸುವ ಬಾಯಿ, "ಸರ, ಈಕಿ ಯಹೂದಿ ಅಲ್ರಿ, ನಮ್ಮತ್ತಿ!" ಎಂದರು. ಮತ್ತೆ ನಗು. ಚಹಾ ತಂದಿದ್ದ ಮಲ್ಲಪ್ಪ ಮಾತ್ರ, "ಇದ್ರಾಗ ನಗೂದೇನೈತ್ರಿ? ನಮ್ಮವ್ವ ಸಾಯೂ ದಿನಾನೂ ನಂಗ ಉಂಡ್ಯಾ ಅಂತ ಕೇಳಿದ್ಲು," ಎಂದ. ಅಂದಿನ ಅತ್ಯಂತ ಬುದ್ಧಿಯ ಮಾತು ಅದೇ. ನಾನು ಅವನಿಗೆ ಕಪ್ಪು ಎತ್ತಲು ಹೇಳಿದೆ.

ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವನು ಗಣಿತದ ಮಾಸ್ತರ. ಬಹಳ ಗಟ್ಟಿಯಾಗಿ. ಆ ವಾರವೇ ಊರಿಗೆ ಹೋದಾಗ ತಾಯಿಗೆ ಹೇಳಿದ್ದಾನೆ, ಡಬ್ಬಿ ಕಳಿಸಬೇಡ, ನಗುತ್ತಾರೆ ಎಂದು. ಅವರು ಕಳಿಸುವುದನ್ನು ಬಿಡಲಿಲ್ಲ. ನನ್ನ ಪೊಟ್ಟಣವನ್ನು ಸ್ವಲ್ಪ ದೊಡ್ಡದು ಮಾಡಿದರು.

ತುರ್ತುಪರಿಸ್ಥಿತಿಯ ಆ ವರ್ಷ ದೇಶಕ್ಕೆ ದೇಶವೇ ಶಿಸ್ತಿನ ಮಾತು ಆಡುತ್ತಿತ್ತು. ಗೋಡೆಗೋಡೆಯ ಮೇಲೆ ಶಿಸ್ತು. ನನಗೆ ಗೋಡೆ ಓದಿ ಕಲಿಯುವ ಅಗತ್ಯವಿರಲಿಲ್ಲ. ಆದರೂ ಓದಿ ಇನ್ನಷ್ಟು ಬಿಗಿಯಾಗಿದ್ದೆ. ಒಂದು ಶುಕ್ರವಾರ ಮಧ್ಯಾಹ್ನ ತಪಾಸಣೆಗೆ ಸಾಹೇಬರು ಬಂದರು. ಹತ್ತನೆಯ ವರ್ಗದಲ್ಲಿ ಅವರು ಪ್ರಶ್ನೆ ಕೇಳುತ್ತಿದ್ದಾಗ ಹೊರಗೆ ಎರಡು ಸಲ ಹಾರ್ನ್ ಆಯಿತು. ಇಡೀ ವರ್ಗ ಒಂದೇ ದನಿಯಲ್ಲಿ, "ಡಬ್ಬಿ ಬಂತೋ!" ಎಂದು ಕೂಗಿ ನಕ್ಕಿತು. ಸಾಹೇಬರು ನನ್ನ ಕಡೆ ನೋಡಿ, "ಏನು, ಹೋಟೆಲ್ ನಡಸ್ತೀರೇನು?" ಎಂದರು.

ಅವರು ಹೋದ ಮೇಲೆ ಮಲ್ಲಪ್ಪನನ್ನು ಕರೆದೆ. ಡಬ್ಬಿ ನನ್ನ ಮೇಜಿನ ಮೇಲೆ ಇತ್ತು, ಬಿಳಿ ಬಟ್ಟೆಯ ಗಂಟು ಹಾಕಿದಂತೆಯೇ.

"ಬಸ್ಸು ಸ್ಟ್ಯಾಂಡಿನಾಗ ಐತಿ. ತಿರುಗೂದ್ರಾಗ ಇದನ್ನ ಕಂಡಕ್ಟರಗ ವಾಪಸ್ ಕೊಟ್ಟ ಬಾ."

"ಬಿಚ್ಚಿ ಕೊಡ್ಲೇನ್ರಿ?"

"ಬಿಚ್ಚಬ್ಯಾಡ. ಹಂಗ ಕೊಡು."

ಮಲ್ಲಪ್ಪ ಕದಲಲಿಲ್ಲ. "ಸರ, ತುಂಬಿದ್ದು ತಿರಗಿ ಕಳಸಬಾರದ್ರಿ. ಬಾಯಾರು ಬ್ಯಾರೇ ತಿಳಕೋತಾರ."

"ಏನ ತಿಳಕೋತಾರ? ಸಾಲಿಗೆ ಡಬ್ಬಿ ಕಳಸಬಾರದು ಅಂತ ತಿಳಕೋತಾರ. ಅದ ಬೇಕಾಗೈತಿ ನಂಗ. ಯಾರಿಗೂ ಏನೂ ಹೇಳಬ್ಯಾಡ. ನಡಿ."

ಅವನು ಎರಡು ತುತ್ತನ್ನಾದರೂ ತೆಗೆದಿಟ್ಟುಕೊಳ್ಳಲು ಗಂಟಿಗೆ ಕೈ ಹಾಕಿದ. ನಾನು ಗದರಿದೆ. ಡಬ್ಬಿ ಹೋಯಿತು. ಬಾಯಿಯವರ ಮಗ ಎರಡು ಗೋಡೆಯಾಚೆ ಪಾಠ ಮಾಡುತ್ತಿದ್ದ. ಅವನಿಗೆ ಇದಾವುದೂ ಗೊತ್ತಿರಲಿಲ್ಲ.

ಮುಂದೆ ಆದದ್ದನ್ನು ನನಗೆ ಸೋಮವಾರ ಕಂಡಕ್ಟರ ಹೇಳಿದ. ಆತ ಜಮಖಂಡಿಯಲ್ಲಿ ಇಳಿದು, ಡಬ್ಬಿಯನ್ನು ದವಾಖಾನೆಗೆ ಒಯ್ದು, "ಸಾಲ್ಯಾಗಿಂದ ತಿರಗಿ ಕೊಟ್ಟಾರ್ರಿ," ಎಂದನಂತೆ. ಬಾಯಿಯವರು ಗಂಟು ನೋಡಿದರಂತೆ. ತಾವು ಹಾಕಿದ ಗಂಟೇ. ಆಗ ಒಳಗೆ ಒಂದು ಹೆಣ್ಣುಮಗಳಿಗೆ ಅಡ್ಡ ಹೆರಿಗೆ, ಬಿಟ್ಟು ಬರುವಂತಿರಲಿಲ್ಲ. ಶಾಲೆಗೆ ಫೋನು ಇರಲಿಲ್ಲ. ಬೆಳಗಾಗುವ ಹೊತ್ತಿಗೆ ಕೂಸು ಬಂತು, ತಾಯಿಯೂ ಉಳಿದಳು. ಅಷ್ಟು ಹೊತ್ತು ಬಾಯಿಯವರು, ತಮ್ಮ ಮಗ ಇದ್ದಾನೋ ಇಲ್ಲವೋ ತಿಳಿಯದೆ, ಬೇರೆಯವರ ಮಗುವನ್ನು ಹೊರಗೆ ತರುತ್ತಿದ್ದರು.

ಶನಿವಾರ ಬೆಳಗಿನ ಶಾಲೆ. ಎಂಟಕ್ಕೆ ಸರಿಯಾಗಿ ಗೇಟು ಮುಚ್ಚಿ ಕೀಲಿಯನ್ನು ನನ್ನ ಕಿಸೆಯಲ್ಲಿ ಇಟ್ಟುಕೊಳ್ಳುತ್ತಿದ್ದೆ. ತಡವಾಗಿ ಬಂದವರನ್ನು ಹೊರಗೇ ನಿಲ್ಲಿಸುತ್ತಿದ್ದೆ. ಅಂದು ಎಂಟೂ ಇಪ್ಪತ್ತಕ್ಕೆ ಜಮಖಂಡಿಯ ಬಸ್ಸು ಹಾರ್ನ್ ಹೊಡೆಯದೆ ನಿಂತಿತು. ಅದರಿಂದ ಅವರು ಇಳಿದರು. ಶನಿವಾರ! ಕೈಯಲ್ಲಿ ಚೀಲವಿಲ್ಲ, ಡಬ್ಬಿಯಿಲ್ಲ, ಏನೂ ಇಲ್ಲ. ಅವರನ್ನು ಬರಿಗೈಯಲ್ಲಿ ನಾನು ಕಂಡದ್ದು ಅದೇ ಮೊದಲು. ಸೀರೆಯ ಮೇಲೆ ಹೆರಿಗೆಯ ಕೋಣೆಯ ಕಲೆ ಹಾಗೇ ಇತ್ತು. ಗೇಟಿನ ಸರಳು ಹಿಡಿದರು.

"ಅಂವ ಎಲ್ಲಿ ಅದಾನ್ರಿ?"

"ಯಾರು?" ಎಂದೆ. ಗೊತ್ತಿದ್ದೂ ಕೇಳಿದೆ.

"ನನ್ನ ಮಗ."

"ಎಂಟನೇ ಬಿ ಒಳಗ."

"ನಿಂತಾನೋ, ಮಲಗ್ಯಾನೋ?"

"ನಿಂತಾನ್ರಿ. ಪಾಠ ಮಾಡಾಕತ್ತಾನ."

ಅಷ್ಟರಲ್ಲಿ ಎಂಟನೇ ಬಿ ಕಿಟಕಿಯಿಂದ ಅವನ ದನಿ ಬಂತು, ಬೀಜಗಣಿತದ ಸೂತ್ರ ಹೇಳಿಕೊಡುತ್ತಿದ್ದ. ಮಕ್ಕಳು ಹಿಂದಿನಿಂದ ಒಪ್ಪಿಸುತ್ತಿದ್ದರು. ಬಾಯಿಯವರು ಸರಳು ಹಿಡಿದುಕೊಂಡೇ ಕೆಳಗೆ ಜಾರಿ ನೆಲದ ಮೇಲೆ ಕುಳಿತರು. ಅಳಲಿಲ್ಲ. ಬಾಯಿ ತೆರೆದು ಉಸಿರು ಬಿಟ್ಟರು, ಈಗ ತಾನೇ ಹೆತ್ತವರಂತೆ. ತಲೆ ಸರಳಿಗೆ ಆನಿಸಿ ಕೇಳುತ್ತ ಕುಳಿತರು. ನಾನು ಗೇಟಿನ ಒಳಗೆ ನಿಂತಿದ್ದೆ. ಕೀಲಿ ಕಿಸೆಯಲ್ಲೇ ಇತ್ತು. ಪಾಠ ಮುಗಿದು ಗಂಟೆ ಬಾರಿಸಿದ ಮೇಲೆ ಅವರು ಮಾತಾಡಿದರು.

"ಡಬ್ಬಿ ಹಂಗ ತಿರಗಿ ಬಂತಲ್ರಿ. ಅದಕ್ಕ ಬಂದೆ."

ಆಗ ನಾನು ಹೇಳಿದ ಮಾತನ್ನು ಈಗ ಬರೆಯುತ್ತೇನೆ. "ಮಲ್ಲಪ್ಪನ ಕೈತಪ್ಪು ಬಾಯಾರ. ಅವಗ ತಿಳೀಲಿಲ್ಲ," ಎಂದೆ.

ಅವರು ತಲೆಯೆತ್ತಿ, ಕಣ್ಣಿನ ರೆಪ್ಪೆ ಎಳೆದು ನೋಡುವಾಗ ನೋಡುವಂತೆ ನನ್ನನ್ನು ನೋಡಿದರು. "ಮಲ್ಲಪ್ಪ ತುಂಬಿದ ಡಬ್ಬಿ ತಿರಗಿ ಕಳಸಾಂವಲ್ರಿ," ಎಂದರು. "ಇರ್ಲಿ. ನಾ ಬಂದದ್ದು ಹುಡಗಗ ಹೇಳಬ್ಯಾಡ್ರಿ. ಮೊದಲ ನಗತಾರಂತ ಅವನ್ನ."

"ಹತ್ತೂವರಿಗೆ ತಿರಗಿ ಬಸ್ಸೈತ್ರಿ," ಎಂದೆ.

"ಇವತ್ತ ಶನಿವಾರ್ರಿ ಸರ. ಬರೂ ಮುಂದ ಜೀವದ ಮಾತಿತ್ತು, ಹತ್ತಿದ್ನಿ. ಈಗ ಅಂವ ಛಲೋ ಅದಾನ. ಹೋಗೂ ಮುಂದ ಏನಂತ ಹತ್ಲಿ? ಚುಕ್ಕಿ ಮೂಡೂಮಟಾ ಇಲ್ಲೇ ಕೂಡತೇನಿ."

ಗೇಟಿನ ಹೊರಗೆ ರಸ್ತೆಯ ಆಚೆ ಒಂದು ಬೇವಿನ ಗಿಡವಿತ್ತು. ಅದರ ಕೆಳಗೆ ಹೋಗಿ ಕುಳಿತರು. ಹನ್ನೊಂದೂವರೆಗೆ ಶಾಲೆ ಬಿಟ್ಟಾಗ ಗಿಡದ ಹಿಂದಕ್ಕೆ ಸರಿದು ಸೆರಗನ್ನು ಮುಖಕ್ಕೆ ಎಳೆದುಕೊಂಡರು. ಮಗ ಇನ್ನಿಬ್ಬರು ಮಾಸ್ತರರ ಜೊತೆ ಏನೋ ನಗುತ್ತ ಹತ್ತು ಮಾರು ದೂರದಲ್ಲಿ ಹಾದು ಹೋದ. ಹನ್ನೆರಡಕ್ಕೆ ನಾನು ಗೇಟಿಗೆ ಬೀಗ ಹಾಕಿದೆ.

ನನ್ನ ಮನೆ ಅಲ್ಲಿಂದ ಏಳು ನಿಮಿಷದ ದಾರಿ. ಕರೆದೊಯ್ಯಬಹುದಿತ್ತು. ಆದರೆ ನನ್ನ ಹೆಂಡತಿ, "ಯಾಕ ಬಂದೀರಿ ಬಾಯಾರ?" ಎಂದು ಕೇಳುತ್ತಿದ್ದಳು. ಆ ಒಂದು ಪ್ರಶ್ನೆಗೆ ಹೆದರಿ, ರಾತ್ರಿಯಿಡೀ ನಿದ್ದೆಯಿಲ್ಲದ ಹೆಂಗಸನ್ನು ಬೇವಿನ ಗಿಡದ ಕೆಳಗೆ ಬಿಟ್ಟು ಹೋದೆ. ಹನ್ನೆರಡೂವರೆಗೆ ಉಂಡೆ. ಒಂದರಿಂದ ಎರಡು ಮಲಗಿದೆ. ನಿದ್ದೆ ಬಂತೆಂದು ಹೇಳಲಾರೆ, ಆದರೆ ಮಲಗಿದೆ. ಐದಕ್ಕೆ ತಿರುಗಾಡಲು ಹೊರಟೆ. ದಿನವೂ ಶಾಲೆಯ ಮುಂದೆ ಹಾದು ಹೋಗುವವನು ಅಂದು ಇನ್ನೊಂದು ದಾರಿ ಹಿಡಿದೆ.

ಅವರ ಜೊತೆ ಇದ್ದವನು ಮಲ್ಲಪ್ಪ. ಮನೆಯಿಂದ ರೊಟ್ಟಿ, ಮೊಸರು, ಒಂದು ತಂಬಿಗೆ ನೀರು ತಂದು ಕೊಟ್ಟು, ಸಂಜೆಯವರೆಗೆ ಅಲ್ಲೇ ಕುಳಿತನಂತೆ. "ಇಬ್ರೂ ಮುಗಲ ನೋಡಕೋತ ಕುಂತಿದ್ವಿ ಸರ," ಎಂದು ಸೋಮವಾರ ಹೇಳಿದ. "ಮೂರನೇ ಚುಕ್ಕಿ ಮೊದಲ ಕಂಡಾಂವ ನಾನ್ರಿ. ಆಮ್ಯಾಲೆ ಬಸ್ ಹತ್ತಿದ್ರು."

ಮುಂದಿನ ಶುಕ್ರವಾರ ಬಸ್ಸು ಗೇಟಿನ ಮುಂದೆ ನಿಲ್ಲದೆ ಹೋಯಿತು. ಅದರ ಮುಂದಿನದೂ ಹೋಯಿತು. ಗಣಿತದ ಮಾಸ್ತರ ಪಾಠದ ನಡುವೆ ಒಂದು ಕ್ಷಣ ಕಿಟಕಿ ನೋಡುವುದನ್ನು ನಾನು ವರಾಂಡದಿಂದ ಕಂಡಿದ್ದೇನೆ. ಒಂದು ದಿನ, "ಅವ್ವಗ ಸಿಟ್ಟ ಬಂದೈತೇನೋ ಸರ, ಡಬ್ಬಿ ಕಳಸವಲ್ಲಳು," ಎಂದ. "ಛಲೋ ಆತಲ್ಲ," ಎಂದೆ. "ಈಗ ನೀ ದೊಡ್ಡಾಂವ ಆದಿ."

ಯಹೂದಿ ತಾಯಿ ಮಗನ ಮನಸ್ಸಿನಲ್ಲಿ ತಪ್ಪಿನ ಭಾವನೆ ಬಿತ್ತುತ್ತಾಳೆ ಎಂದು ಆ ಮಾಸಿಕದ ಪುಟದಲ್ಲಿ ಇತ್ತು. ಈ ಮಗನ ಮನಸ್ಸಿನಲ್ಲಿ ಅದನ್ನು ಬಿತ್ತಿದವನು ನಾನು. ತಾಯಿ ಬಾಯಿ ಮುಚ್ಚಿಕೊಂಡಿದ್ದರು, ನನ್ನನ್ನು ಉಳಿಸಲಿಕ್ಕೋ, ಜನ ಮಗನನ್ನು ನೋಡಿ ನಗದಿರಲೆಂದೋ.

ಅವರ ನಿವೃತ್ತಿಯ ಹಿಂದಿನ ವರ್ಷ ನನ್ನ ಮಗಳ ಮೊದಲ ಹೆರಿಗೆ ಜಮಖಂಡಿಯಲ್ಲಿ ಆಯಿತು. ಬೇನೆ ಬಂದದ್ದು ಶನಿವಾರ. ಬಾಯಿಯವರು ನಡೆದು ಬಂದರು. ಒಳಗಿನಿಂದ ಅವರ ದನಿ ಕೇಳುತ್ತಿತ್ತು: "ಅಳು, ಅಳು ನನ್ನವ್ವಾ. ನಿಮ್ಮಪ್ಪ ಹೊರಗದಾನಂತ ಅಂಜಬ್ಯಾಡ." ಮೊಮ್ಮಗನನ್ನು ತಂದು ನನ್ನ ಕೈಗೆ ಕೊಟ್ಟಾಗ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅವರು ಹೆಬ್ಬೆರಳಿನಿಂದ ನನ್ನ ರೆಪ್ಪೆ ಎಳೆದು ನೋಡಿದರು. "ಈಗ ರಕ್ತ ಛಲೋ ಐತ್ರಿ ಸರ," ಎಂದು ಒಳಗೆ ಹೋದರು. ಅದೇ ಕೊನೆಯ ಭೇಟಿ.

ಬರೆದು ಮುಗಿಸಿದಾಗ ಮೂರೂ ಕಾಲು. ಮಧ್ಯಾಹ್ನ ಮಲಗಲಿಲ್ಲ. ಹೆಂಡತಿಗೆ ಮೊದಲು ಓದಿ ಹೇಳಿದೆ. ಅವಳು, "ಏಳ ನಿಮಿಷದ ದಾರಿ," ಎಂದಷ್ಟೇ ಅಂದು ಅಡುಗೆಮನೆಗೆ ಹೋದಳು.

ನಾಲ್ಕಕ್ಕೆ ಆತ ಬಂದ. ಕಾಗದಗಳನ್ನು ಕೈಗೆ ಕೊಟ್ಟೆ. ಹೊಸ್ತಿಲ ಮೇಲೆ ಕುಳಿತು ಓದಿದ. ಉತ್ತರಪತ್ರಿಕೆ ಓದುವ ರೂಢಿಯಿಂದ ಬೆರಳು ಸಾಲಿನ ಕೆಳಗೆ ಸರಿಯುತ್ತಿತ್ತು. ಮುಗಿಸಿ, ಒಂದು ಹಾಳೆ ಹಿಂದಕ್ಕೆ ತಿರುವಿ ಮತ್ತೆ ಓದಿದ.

"ಅವತ್ತ ಪಾಠ ಪೂರಾ ಕೇಳಿದ್ಲೇನ್ರಿ?"

"ಗಂಟಿ ಆಗೂಮಟಾ ಕೇಳಿದ್ರು."

"ಛಲೋ ಮಾಡತಿದ್ನೇನ್ರಿ ಅವತ್ತ?"

"ಛಲೋ ಮಾಡತಿದ್ದಿ."

ಆತ ಹಾಳೆಗಳನ್ನು ಮಡಿಚಿ ಒಳಕಿಸೆಯಲ್ಲಿ ಇಟ್ಟುಕೊಂಡ. ಕಣ್ಣು ಒರೆಸಿಕೊಳ್ಳಲಿಲ್ಲ, ಒರೆಸಿಕೊಳ್ಳಬೇಕಾಗಿತ್ತು. ನನ್ನ ಹೆಂಡತಿ ತೊಳೆದ ಡಬ್ಬಿಯಲ್ಲಿ ಬೆಲ್ಲ, ಶೇಂಗಾ ತುಂಬಿ ತಂದು ಕೊಟ್ಟಳು. ಮುಚ್ಚಳ ತೆಗೆದು ನೋಡಿ ಮುಚ್ಚಿದ. ಪ್ರತಿ ಸಲ ಹೋಗುವಾಗ ನನ್ನ ಕಾಲು ಮುಟ್ಟುತ್ತಿದ್ದ. ಈ ಸಲ ಮುಟ್ಟಲಿಲ್ಲ. ಅದು ಸರಿಯೇ. ಮೆಟ್ಟಿಲಿಳಿದವನು ತಿರುಗಿ ಕೇಳಿದ:

"ಮಲ್ಲಪ್ಪಗ ಹೇಳೀರೇನ್ರಿ ಇದನ್ನ?"

"ಇಲ್ಲ."

"ಹೇಳ್ರಿ," ಎಂದ. ತನ್ನ ಶಾಲೆಯಲ್ಲಿ ಕೆಳಗಿನವರಿಗೆ ಹೇಳುವ ದನಿಯಲ್ಲಿ.

ಐದಕ್ಕೆ ಹೊರಟೆ. ಮಲ್ಲಪ್ಪನ ಮನೆ ನೇಕಾರರ ಓಣಿಯ ಕೊನೆಯಲ್ಲಿ. ಅವನು ಬಾಗಿಲಲ್ಲಿ ಕುಳಿತು ಮಗನ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಿದ್ದ. ನನ್ನನ್ನು ಕಂಡು ಎದ್ದು ನಿಲ್ಲಲು ಹೋದ. ಹೆಗಲು ಹಿಡಿದು ಕೂಡಿಸಿ ಪಕ್ಕದಲ್ಲಿ ಕುಳಿತೆ. ಬಾಯಿಯವರು ತೀರಿದ್ದನ್ನು ಹೇಳಿದೆ. ಆಮೇಲೆ, ಗೇಟಿನ ಹತ್ತಿರ ಅವನ ಹೆಸರು ಹೇಳಿ ಪಾರಾದದ್ದನ್ನು ಹೇಳಿದೆ.

ಅವನು ಕಂಡಿಕೆ ನಿಲ್ಲಿಸಲಿಲ್ಲ. "ಗೊತ್ತೈತ್ರಿ ಸರ. ಬೇವಿನ ಗಿಡದ ಬುಡಕ ಬಾಯಾರು ಕೇಳಿದ್ರು, 'ಮಲ್ಲಪ್ಪಾ, ಸರ ನಿನ್ನ ಕೈತಪ್ಪು ಅಂದ್ರು, ನೀ ಕಳಸಿದ್ಯೇನೋ?' ಅಂತ. 'ಹೂಂರಿ, ನಂದ ತಪ್ಪು' ಅಂದ್ನಿ."

"ಯಾಕಂದಿ ಹಂಗ?"

"ಮತ್ತೇನ ಅನ್ಲಿ? ನೀವು ಮೊದಲ ಹಂಗ ಹೇಳಿಬಿಟ್ಟಿದ್ರಲ್ಲ. ಹೆಡ್ ಮಾಸ್ತರ ಸುಳ್ಳಾದ್ರ ಸಾಲಿ ನಡೀತೈತೇನ್ರಿ?"

"ಅದಕ್ಕ ಅವರೇನಂದ್ರು?"

ಮಲ್ಲಪ್ಪ ಹಲ್ಲಿಲ್ಲದ ಬಾಯಲ್ಲಿ ನಕ್ಕ. "ಅವ್ರೂ ನಕ್ಕರ್ರಿ. 'ನಿಮ್ಮ ಹೆಡ್ ಮಾಸ್ತರಗ ತಾಯಿ ಇಲ್ಲ ಅಂತ ತಿಳಕೊಂಡಿದ್ನಿ ಮಲ್ಲಪ್ಪಾ. ನೀ ಅದಿ,' ಅಂದ್ರು."

ಒಳಗಿನಿಂದ ಅವನ ಸೊಸೆ ತಾಟು ತಂದು ನನ್ನ ಮುಂದಿಟ್ಟಳು. ಬಿಸಿ ರೊಟ್ಟಿ, ಮೆಂತೆ ಪಲ್ಲೆ.

"ನಾ ಎಂಟರ ಮೊದಲ ಉಣ್ಣೂದಿಲ್ಲೋ ಮಲ್ಲಪ್ಪಾ."

"ಗೊತ್ತೈತ್ರಿ," ಎಂದ. "ಉಣ್ರಿ."

ಗಂಟೆ ಆರೂ ಹತ್ತು. ತಾಟಿನಲ್ಲಿದ್ದದ್ದನ್ನು ಒಂದು ತುಣುಕೂ ಉಳಿಸದೆ ಉಂಡೆ. ಬಚ್ಚಲಿಗೆ ಹೋಗಿ ತಾಟನ್ನು ನಾನೇ ತೊಳೆದಿಟ್ಟೆ. ಅಂದಿನ ಕೆಲಸ ಅಲ್ಲಿಗೆ ಮುಗಿಯಿತು.